ಗೇಮಿಂಗ್ ಪಿಸಿಗೆ ಚಿಕೋರಿ ಎಷ್ಟು?

ಚಿಕ್ಕಮಗಳೂರಿನವರು ಕಾಲು ಕೆಜಿ ಕಾಫಿಪುಡಿ ಕೊಳ್ಳುವಷ್ಟರಲ್ಲಿ ಅಂಗಡಿಯವನ ಬೆವರಿಳಿಸುತ್ತಾರೆ. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಇಪ್ಪತ್ತೋ ಮೂವತ್ತೋ, ಹುರಿದದ್ದು ಇವತ್ತೋ ನಿನ್ನೆಯೋ! ಅದೇ ಮಹನೀಯರು ಮಗನ ಜೊತೆ ಕಂಪ್ಯೂಟರ್ ಅಂಗಡಿಗೆ ಹೋದರೆ, ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಬಣ್ಣದ ಫ್ಯಾನ್ ತಿರುಗುವುದನ್ನು ಕಂಡು "ಇದೇ ಇರ್ಲಿ ಬಿಡಿ" ಎಂದು ನೋಟು ಎಣಿಸುತ್ತಾರೆ.

ಪೆಟ್ಟಿಗೆಯ ಚೀಟಿಯಲ್ಲಿ 'ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್' ಎಂದಿರುತ್ತದೆ. ಸುಳ್ಳೇನಲ್ಲ. ಪ್ರೊಸೆಸರ್ ಐ7 ಹೌದು, ಆದರೆ 3770, ಅಂದರೆ 2012ರ ಮಾಲು. ಯಾವುದೋ ಆಫೀಸಿನಿಂದ ನಿವೃತ್ತಿಯಾಗಿ ಬಂದು ಇಲ್ಲಿ ದೀಪಾವಳಿ ಆಚರಿಸುತ್ತಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು, ಇದು ಮೂರನೆಯದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು, ನಿಧಾನಗತಿಯ ಡಿಡಿಆರ್3 ಮೆಮೊರಿಯ ಜಿಟಿ 730. 4 ಜಿಬಿ ಇದ್ದೇನು, ದೊಡ್ಡ ಟ್ಯಾಂಕಿಗೆ ಅರ್ಧ ಇಂಚಿನ ಪೈಪು. ಎಲ್ಲ ಭಾಗಕ್ಕೂ ಕರೆಂಟು ಹಂಚುವ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದು ಬರೆದಿದೆ, ಎತ್ತಿದರೆ ಖಾಲಿ ಬಿಸ್ಕತ್ ಡಬ್ಬದ ತೂಕ. ಮುಂದೆ ಒಳ್ಳೆಯ ಕಾರ್ಡು ಹಾಕಿದ ದಿನ, ಆಟದ ಮಧ್ಯೆ ಲೋಡ್ ಬಿದ್ದೊಡನೆ ಠಪ್ಪೆಂದು ಆಫ್. ಗ್ರಹಚಾರ ಕೆಟ್ಟಿದ್ದರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ.

ಬಿಲ್ಲಿನಲ್ಲಿ ಒಂದೇ ಸಾಲು: 'ಗೇಮಿಂಗ್ ಪಿಸಿ – 1'. ಪ್ರತಿ ಭಾಗದ ಮಾಡೆಲ್, ಸೀರಿಯಲ್ ನಂಬರ್ ಬರೆಸಿಕೊಳ್ಳದಿದ್ದರೆ ವಾರಂಟಿ ಕೇಳುವುದು ಯಾವುದಕ್ಕೆ? ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕು ಎಂಬ ನಿಯಮವಿದೆ. 'ಗೇಮಿಂಗ್' ಎಂಬ ಪದಕ್ಕೆ ಅಂಥ ದಾಕ್ಷಿಣ್ಯವೇನೂ ಇಲ್ಲ.

ಹಾಗೆಂದು 'ನಾವೇ ಜೋಡಿಸ್ತೀವಿ' ಎನ್ನುವ ವೀರರು ಕಮ್ಮಿಯೇನಲ್ಲ. ಮೊದಲು ಪ್ರೊಸೆಸರನ್ನು ತಣ್ಣಗಿಡುವ ಲೈಟಿನ ಕೂಲರ್ ಕೊಂಡು, ಉಳಿದ ಚಿಲ್ಲರೆಯಲ್ಲಿ ಗ್ರಾಫಿಕ್ಸ್ ಕಾರ್ಡು ಹುಡುಕುತ್ತಾರೆ. ಎರಡು ರ‍್ಯಾಮನ್ನು ಎರಡು, ನಾಲ್ಕನೇ ಸ್ಲಾಟಿಗೆ ಹಾಕುವ ಬದಲು ಅಕ್ಕಪಕ್ಕ ತುರುಕಿ, ಎರಡೂ ಒಟ್ಟಿಗೆ ಓಡುವ ಡ್ಯುಯಲ್ ಚಾನೆಲ್ ವೇಗವನ್ನು ದಾನ ಮಾಡುತ್ತಾರೆ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕೀಳುವುದಿಲ್ಲ. ಸ್ವಂತ ಗ್ರಾಫಿಕ್ಸೇ ಇಲ್ಲದ ರೈಜನ್ 5 5600 ಪ್ರೊಸೆಸರ್ ಕೂರಿಸಿ, ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿ, ಕಪ್ಪು ಪರದೆಯೆದುರು 'ಬೋರ್ಡ್ ಡೆಡ್' ಎಂದು ಮರಣಪತ್ರ ಬರೆಯುತ್ತಾರೆ. ಕೇಬಲನ್ನು ಕೆಳಗಿರುವ ಕಾರ್ಡಿಗೆ ಹಾಕಿದ್ದರೆ ಸಾಕಿತ್ತು.

ಇಷ್ಟರ ನಡುವೆ ಯಾರೋ ಒಬ್ಬರು ಅಪ್ಪಿತಪ್ಪಿ "ಎಸ್‌ಎಂಪಿಎಸ್ ಯಾವ ಕಂಪನಿದು?" ಎಂದು ಕೇಳಿಬಿಡುತ್ತಾರೆ. ಅಂಗಡಿಯವನು ನಗುತ್ತಾ ಡ್ರಾಯರ್ ಎಳೆಯುತ್ತಾನೆ: "ಲೈಟು ಯಾವ ಕಲರ್ ಬೇಕೋ ಇಟ್ಕೊಳ್ಳಿ ಸಾರ್, ರಿಮೋಟ್ ಫ್ರೀ."