ಪರ-ವಿರೋಧ: ನಮ್ಮ ಬಾಣಲೆಗೆ ಪಾಮ್ ಎಣ್ಣೆ ಹಾಕುವುದನ್ನು ಬಿಡಬೇಕೇ?

ಪರ: ಹೌದು, ಬಿಡಬೇಕು

ಹುಬ್ಬಳ್ಳಿಯ ಮಿರ್ಚಿ ಗಾಡಿಗಳಲ್ಲಿ ಪಾಮ್ ಎಣ್ಣೆ ಹೊಸದೇನಲ್ಲ. ಅಗ್ಗ, ಬೇಗ ಕೆಡುವುದಿಲ್ಲ. ಜಗತ್ತಿನ ಪಾಮ್ ಎಣ್ಣೆಯಲ್ಲಿ ಶೇ. 80ಕ್ಕೂ ಜಾಸ್ತಿ ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅದನ್ನು ಎಲ್ಲರಿಗಿಂತ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದೇ.

ಅಲ್ಲಿನ ಸುಮಾತ್ರಾ, ಬೋರ್ನಿಯೋ ದ್ವೀಪಗಳಲ್ಲಿ ಪಾಮ್ ತೋಟಕ್ಕಾಗಿ ಮಳೆಕಾಡು ಕಡಿದಾಗ ಒರಾಂಗುಟಾನ್ ಎಂಬ ವಾನರ ನೆಲೆ ಕಳೆದುಕೊಳ್ಳುತ್ತದೆ. ಅದಕ್ಕಿಂತ ಘೋರವಾದದ್ದು ನೆಲದೊಳಗಿದೆ. ಅಲ್ಲಿ ಎಷ್ಟೋ ಕಡೆ ಕಾಡಿನ ಕೆಳಗೆ ಪೀಟ್ ಇದೆ. ಎಲೆ, ಕಟ್ಟಿಗೆ ನೀರಿನಲ್ಲೇ ನೆನೆದು, ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಕೂಡಿಕೊಂಡ ಪದರ ಅದು. ತೋಟ ಮಾಡುವವರು ಕಾಲುವೆ ತೋಡಿ ಆ ನೀರು ಬಸಿದುಬಿಡುತ್ತಾರೆ. ಒಣಗಿದ ಪೀಟ್ ಗಾಳಿ ತಾಗಿ ಕೊಳೆಯುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ನೆಲವೂ ವರ್ಷ ವರ್ಷ ಕುಸಿಯುತ್ತದೆ. ಬೆಂಕಿ ಬಿದ್ದರೆ ಒಳಗೊಳಗೇ ವಾರಗಟ್ಟಲೆ ಉರಿಯುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಆ ಹೊಗೆಗೆ ಸಿಂಗಪುರದಲ್ಲಿ ಶಾಲೆ ಮುಚ್ಚಬೇಕಾಯಿತು. ಇಷ್ಟು ಗೊತ್ತಿದ್ದೂ ಅಗ್ಗ ಅಂತ ಕೊಳ್ಳುವುದು ಸರಿಯಲ್ಲ.

ಧಾರವಾಡ, ಗದಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆ ಬಿತ್ತುತ್ತಿದ್ದರು. ಬೇಲಿಗೆ ಬೇಲಿ, ಮನೆಗೆ ಎಣ್ಣೆ. ಆಮದು ಎಣ್ಣೆ ಅಗ್ಗವಾದಷ್ಟೂ ಕುಸುಬೆ, ಶೇಂಗಾ ಬೆಳೆದವರಿಗೆ ಬೆಲೆ ಸಿಗುವುದು ಕಷ್ಟ. ನಮ್ಮ ಹೊಲಕ್ಕೂ ಇದರಿಂದ ಪೆಟ್ಟು ಬಿದ್ದಿದೆ ಅಲ್ವಾ?

ವಿರೋಧ: ಪಾಮ್ ಎಣ್ಣೆ ಸುಮ್ನೆ ಬಿಟ್ಟರೆ ಕಾಡು ಉಳಿಯುವುದಿಲ್ಲ

ಪೀಟ್ ಸುಡುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲದ ಲೆಕ್ಕವನ್ನೂ ನೋಡಬೇಕು. ಒಂದು ಹೆಕ್ಟೇರ್ ತೋಟ ವರ್ಷಕ್ಕೆ 3ರಿಂದ 4 ಟನ್ ಪಾಮ್ ಎಣ್ಣೆ ಕೊಡುತ್ತದೆ. ಅಷ್ಟೇ ನೆಲದ ಸೋಯಾದಿಂದ ಸಿಗುವುದು ಅರ್ಧ ಟನ್ ಆಸುಪಾಸು. ಮಳೆ ನಂಬಿದ ನಮ್ಮ ಕುಸುಬೆಯಲ್ಲಿ ಇನ್ನೂ ಕಡಿಮೆ. ಎಲ್ಲರೂ ಪಾಮ್ ಬಿಟ್ಟು ಸೋಯಾ ಎಣ್ಣೆಗೆ ಹೋದರೆ ಹಲವು ಪಟ್ಟು ನೆಲ ಬೇಕಾಗುತ್ತದೆ. ಬ್ರೆಜಿಲ್‌ನಲ್ಲಿ ಸೋಯಾಕ್ಕಾಗಿಯೂ ಕಾಡು ಬಿದ್ದಿದೆ. ಬೋರ್ನಿಯೋ ಕಾಡು ಉಳಿಸಲು ಹೋಗಿ ಬ್ರೆಜಿಲ್ ಕಾಡನ್ನು ಕಳೆದುಕೊಳ್ಳಬಾರದು. ಇಂಡೋನೇಷ್ಯಾದ ತೋಟಗಳಲ್ಲಿ ಸುಮಾರು ಶೇ. 40ರಷ್ಟು ಸಣ್ಣ ರೈತರ ಕೈಯಲ್ಲಿವೆ ಎನ್ನುವುದನ್ನೂ ಮರೆಯಬಾರದು. ಕೊಳ್ಳುವುದನ್ನು ನಿಲ್ಲಿಸಿದರೆ ಮೊದಲು ಹೊಡೆತ ಬೀಳುವುದು ಅವರಿಗೆ.

ಮಿರ್ಚಿ ಕರಿಯುವ ಅಕ್ಕನಿಗೆ ಡಬ್ಬಿಯ ಎಣ್ಣೆ ಯಾವ ತೋಟದ್ದು ಅಂತ ತಿಳಿಯುವ ದಾರಿಯಿಲ್ಲ. ತಿಳಿದುಕೊಳ್ಳಬೇಕಾದವರು ಹಡಗಿನಲ್ಲಿ ತರಿಸುವವರು, ಶುದ್ಧೀಕರಿಸಿ ಮಾರುವವರು. 2020ರ ನಂತರ ಕಾಡು ಕಡಿದ ನೆಲದ ಪಾಮ್ ಎಣ್ಣೆ ಬೇಡ ಅಂತ ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ, ಜಾರಿ ಮುಂದಕ್ಕೆ ಹೋಗುತ್ತಿದ್ದರೂ. ಅತಿ ದೊಡ್ಡ ಗಿರಾಕಿಯಾದ ಭಾರತ ಹಳೆಯ ತೋಟದ ಎಣ್ಣೆ ಮಾತ್ರ ಸಾಕು ಅಂದರೆ, ಕಾಡಿಗೆ ಹೊಸದಾಗಿ ಕೊಡಲಿ ಹಾಕುವ ಮುಂಚೆ ಅಲ್ಲಿಯವರು ಯೋಚಿಸಲೇಬೇಕಾಗುತ್ತದೆ.