ಲೈಬ್ರರಿ ಇಲ್ಲ, ಲೈಬ್ರರಿ ಕರ ಇದೆ

ಮೊನ್ನೆ ಮನೆ ತೆರಿಗೆ ಕಟ್ಟಿ ಬಂದೆ. ಅದರ ರಸೀದಿಯನ್ನು ಯಾರೂ ಓದುವುದಿಲ್ಲ, ಮಡಚಿ ಕಿಸೆಗೆ ಹಾಕುತ್ತಾರೆ. ನಾನು ಓದಿದೆ. ಬೇರೆ ಏನೂ ಓದಲಿಕ್ಕೆ ಇರಲಿಲ್ಲ. ನಮ್ಮೂರ ಲೈಬ್ರರಿಗೆ ಬೀಗ ಬಿದ್ದು ಮೂರು ವಾರವಾಯಿತು.

ತೆರಿಗೆ 2,000 ರೂಪಾಯಿ. ಅದರ ಕೆಳಗೆ ಗ್ರಂಥಾಲಯ ಕರ 120 ರೂಪಾಯಿ. ಅದರ ಕೆಳಗೆ ಭಿಕ್ಷುಕರ ಕರ 60 ರೂಪಾಯಿ. ಮೊದಲನೆಯದು ನೂರಕ್ಕೆ ಆರು, ಎರಡನೆಯದು ನೂರಕ್ಕೆ ಮೂರು. ಇವೆರಡನ್ನೂ ಒಂದರ ಕೆಳಗೊಂದು ಕೂರಿಸಿದ ಪುಣ್ಯಾತ್ಮ ಯಾರೋ, ಬಹಳ ಮುಂದಾಲೋಚನೆಯವ. ಕಳೆದ ವರ್ಷ ನಮ್ಮ ಲೈಬ್ರರಿ ಅಕ್ಕೋರು ಪೇಪರ್ ಬಿಲ್ಲಿನ ಬಾಕಿ ತೀರಿಸಲು ಪೇಟೆಯ ಅಂಗಡಿ ಅಂಗಡಿ ಹತ್ತಿ ಇಳಿದರು. ಅವರಿಗೆ ಈ ಎರಡರಲ್ಲಿ ಯಾವ ಸಾಲಿನ ದುಡ್ಡು ಸಲ್ಲಬೇಕು ಅಂತ ನನಗೇ ಗೊಂದಲವಾಗಿತ್ತು.

ಊರಿನ ಹೆಸರು ಬೇಡ. ಕಾರವಾರದಲ್ಲಿ ಕುಮಟಾ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ, ಅಷ್ಟು ಸಾಕು.

ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದಾರೆ. ಓದುಗರ ಕೊರತೆಯಿಂದಾಗಿ ಈ ಶಾಖೆಯನ್ನು ತಾಲೂಕು ಕೇಂದ್ರದ ಗ್ರಂಥಾಲಯದಲ್ಲಿ ವಿಲೀನ ಮಾಡಲಾಗಿದೆಯಂತೆ. ‘ಮುಚ್ಚಿದ್ದೇವೆ’ ಅಂತ ಯಾವ ಸರಕಾರಿ ಕಾಗದವೂ ಬಾಯಿಬಿಟ್ಟು ಹೇಳುವುದಿಲ್ಲ. ವಿಲೀನ ಅಂದರೆ ಏನು ಅಂತ ನೋಡಬೇಕಿದ್ದರೆ ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿ ಹೋಗಿ ನಿಲ್ಲಬೇಕು. ಅಲ್ಲಿ ನೀರಾದರೂ ಹೋಗಿ ಸೇರುತ್ತದೆ. ನಮ್ಮಲ್ಲಿ ಲೈಬ್ರರಿ ವಿಲೀನವಾಯಿತು, ಪುಸ್ತಕಗಳು ಇಲ್ಲೇ ಒಳಗೆ ಉಳಿದವು. ಕಿಟಕಿಯಲ್ಲಿ ಇಣುಕಿದರೆ ಕಪಾಟು ಕಾಣುತ್ತದೆ. ಗೆದ್ದಲು ಸದಸ್ಯತ್ವವಿಲ್ಲದೆ ಓದುತ್ತಿದೆ.

ನೋಟೀಸು ಅಂಟಿಸಿದ ದಿನ ಒಂದು ತಮಾಷೆ ಆಯಿತು. ಮೀನು ಪೇಟೆಗೆ ಹೋಗುವವರು, ಶಾಲೆ ಮಕ್ಕಳು, ರಿಕ್ಷಾದವರು ಎಲ್ಲರೂ ಬಾಗಿಲ ಮುಂದೆ ನಿಂತು ಅದನ್ನು ಓದಿದರು. ಕನ್ನಡಕ ಮರೆತು ಬಂದವರಿಗೆ ಬೇರೆಯವರು ಓದಿ ಹೇಳಿದರು. ಇಷ್ಟು ವರ್ಷದಲ್ಲಿ ಅಷ್ಟು ಓದುಗರು ಆ ಜಗಲಿ ಹತ್ತಿದ್ದೇ ಇಲ್ಲ. ಓದುಗರ ಲೆಕ್ಕವನ್ನು ಆವತ್ತೇ ತೆಗೆಯಬೇಕಿತ್ತು.

ಲೆಕ್ಕ ತೆಗೆದದ್ದು ಚೌತಿಯ ಮರುದಿನ, ಮಧ್ಯಾಹ್ನ ಮೂರು ಗಂಟೆಗೆ. ನಮ್ಮ ಕರಾವಳಿಯಲ್ಲಿ ಚೌತಿಯ ಮರುದಿನ ಊಟ ಮುಗಿಸಿ ಎದ್ದು ನಿಲ್ಲುವುದೇ ದೊಡ್ಡ ಸಾಧನೆ. ಸಾಹೇಬರು ಬಂದಾಗ ಒಳಗೆ ಇದ್ದದ್ದು ಒಬ್ಬರೇ, ನಿವೃತ್ತ ಮಾಸ್ತರು. ಅವರ ಮುಖದ ಮೇಲೆ ಪೇಪರ್ ಇತ್ತು, ಪೇಪರ್ ಏರುತ್ತಾ ಇಳಿಯುತ್ತಾ ಇತ್ತು. ಮಲಗಿದವರನ್ನು ಬರೆಯುವುದಕ್ಕೆ ಫಾರ್ಮಿನಲ್ಲಿ ಜಾಗ ಇರಲಿಲ್ಲ, ಸೊನ್ನೆ ಬರೆದರು. ಮಾಸ್ತರು ಎದ್ದು ‘ನಾನು ಸಂಪಾದಕೀಯ ಓದ್ತಾ ಇದ್ದೆ’ ಅಂತ ವಾದಿಸಿದರು. ಸಂಪಾದಕೀಯ ಓದುವಾಗ ಯಾರಿಗಾದರೂ ಹಾಗೆ ಆಗುತ್ತದೆ, ಆದರೆ ಸಾಹೇಬರು ಒಪ್ಪಲಿಲ್ಲ.

ಓದುಗರು ಕಡಿಮೆಯಾದದ್ದು ಸುಳ್ಳೇನೂ ಅಲ್ಲ. ಕಡಿಮೆ ಮಾಡಲಿಕ್ಕೆ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮೊದಲು ಸಂಜೆ ಎಂಟರವರೆಗೆ ಇದ್ದದ್ದನ್ನು ಐದಕ್ಕೆ ಇಳಿಸಿದರು. ಅಂದರೆ ಕೆಲಸಕ್ಕೆ ಹೋಗುವವರು ಹೋಗುವ ಮೊದಲು ತೆರೆಯುವುದಿಲ್ಲ, ಬರುವ ಹೊತ್ತಿಗೆ ತೆರೆದಿರುವುದಿಲ್ಲ. ಆಮೇಲೆ ಐದು ಪೇಪರ್ ಇದ್ದದ್ದು ಎರಡಾಯಿತು. ಆಮೇಲೆ ಟ್ಯೂಬ್‌ಲೈಟ್ ಹೋಯಿತು. ಆಮೇಲೆ ಮಾಡು ಸೋರಿತು. ಗೋಕರ್ಣದಲ್ಲಿ ತಾಳೆಗರಿ ಗ್ರಂಥ ಇಟ್ಟುಕೊಂಡ ಮನೆಗಳಿವೆ ಅಂತ ಹೆಮ್ಮೆಯಿಂದ ಹೇಳುತ್ತೇವಲ್ಲ, ನಮ್ಮ ಲೈಬ್ರರಿಯಲ್ಲೂ ತಾಡಪತ್ರಿ ಇದೆ. ಹಂಚಿನ ಮೇಲೆ ಹೊದಿಸಿದ್ದಾರೆ, ನೀಲಿ ಬಣ್ಣದ್ದು.

ಗ್ರಂಥಾಲಯಗಳ ಬಗ್ಗೆ ಮಾತು ಬಂದರೆ ಎಸ್.ಆರ್. ರಂಗನಾಥನ್ ಹೆಸರು ಬರಲೇಬೇಕು. ಅವರು 1931ರಲ್ಲಿ ಐದು ಸೂತ್ರ ಬರೆದಿಟ್ಟರು. ಅದರಲ್ಲಿ ಒಂದು, ಓದುಗರ ಸಮಯ ಉಳಿಸಿ. ನಮ್ಮಲ್ಲಿ ಈಗ ಪೂರ್ತಿ ಸಮಯ ಉಳಿಯುತ್ತಿದೆ. ಕೊನೆಯ ಸೂತ್ರ, ಗ್ರಂಥಾಲಯ ಅಂದರೆ ಬೆಳೆಯುವ ಜೀವಿ. ಇದು ನೂರಕ್ಕೆ ನೂರು ನಿಜ. ಜುಲೈ ತಿಂಗಳಲ್ಲಿ ಬಂದು ಕಥೆ ಕಾದಂಬರಿ ಕಪಾಟು ನೋಡಬೇಕಿತ್ತು. ಬಿಳಿ ಬೂಷ್ಟು, ಹಸಿರು ಬೂಷ್ಟು, ಪುಟದಿಂದ ಪುಟಕ್ಕೆ ಬೆಳೆಯುತ್ತಲೇ ಇತ್ತು.

ಇಷ್ಟಾದರೂ ಜನ ಬರುತ್ತಿದ್ದರು ಎನ್ನುವುದೇ ಸೋಜಿಗ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬೋಟಿನ ಕೆಲಸದವರು ಬೆಳಿಗ್ಗೆಯೇ ಬಂದು ಬೆಂಚು ಹಿಡಿಯುತ್ತಿದ್ದರು. ಒಂದು ಪೇಪರನ್ನು ನಾಲ್ಕು ಜನ ಹಾಳೆ ಬಿಡಿಸಿ ಹಂಚಿಕೊಂಡು, ರಾಜಕೀಯದ ಹಾಳೆಗೆ ಜಗಳ ಮಾಡಿ, ಕ್ರೀಡೆಯ ಹಾಳೆಗೆ ರಾಜಿಯಾಗುತ್ತಿದ್ದರು.

ಇನ್ನು ಒಣಮೀನು ಮಾರುವ ಬಾಯಿಯ ಮಗಳು. ಮನೆಯಲ್ಲಿ ಇರುವುದು ಒಂದೇ ಕೋಣೆ, ಅದರಲ್ಲಿ ಟಿವಿ, ಅಜ್ಜಿ, ಇಬ್ಬರು ತಮ್ಮಂದಿರು. ಪೊಲೀಸ್ ಪರೀಕ್ಷೆಗೆ ಓದಲಿಕ್ಕೆ ಲೈಬ್ರರಿಯ ಕಿಟಕಿ ಬದಿಯ ಮೇಜೇ ಗತಿ. ಫ್ಯಾನು ತಿರುಗಿದರೆ ಪುಟ ಹಾರುತ್ತದೆ ಅಂತ ಕಡಲ ದಂಡೆಯ ಎರಡು ನುಣುಪು ಕಲ್ಲು ತಂದು ಇಟ್ಟುಕೊಂಡಿದ್ದಳು. ಅಕ್ಕೋರು ಪೇಪರ್ ಬಂದ ಕೂಡಲೇ ನೌಕರಿ ಜಾಹೀರಾತಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಅವಳ ಮೇಜಿಗೆ ಮೊದಲು ಕೊಡುತ್ತಿದ್ದರು. ಅರ್ಜಿ ತುಂಬಿಸಿ ಕೊಡುವುದೂ ಅವರೇ. ಆ ಕಲ್ಲುಗಳು ಈಗಲೂ ಮೇಜಿನ ಮೇಲಿವೆ. ಕಿಟಕಿಯಿಂದ ಕಾಣುತ್ತವೆ.

ಸಾಹೇಬರಿಗೆ ಇದನ್ನೆಲ್ಲ ಹೇಳಿದೆವು. ಅವರು ಮೊಬೈಲ್ ಎತ್ತಿ ತೋರಿಸಿದರು. ‘ಡಿಜಿಟಲ್ ಲೈಬ್ರರಿ ಇದೆಯಲ್ರೀ, ಎಲ್ಲಾ ಇದರಲ್ಲೇ ಸಿಗ್ತದೆ, ಪುಕ್ಕಟೆ.’ ಇದೆ, ನಿಜ. 2020ರಲ್ಲಿ ಸರಕಾರವೇ ಶುರು ಮಾಡಿದ್ದು, ಒಳ್ಳೆಯ ಕೆಲಸ. ಆದರೆ ನಮ್ಮ ಕೇರಿಯಲ್ಲಿ ನೆಟ್‌ವರ್ಕ್ ಬೇಕೆಂದರೆ ಚಿರೆಕಲ್ಲಿನ ಪಾಗಾರದ ಮೇಲೆ ಹತ್ತಿ ನಿಲ್ಲಬೇಕು, ಮಳೆಗಾಲದಲ್ಲಿ ಕೊಡೆ ಹಿಡಿದು. ಒಂದು ಕಾದಂಬರಿ ಮುಗಿಯುವ ಹೊತ್ತಿಗೆ ಓದುಗನೂ ಮುಗಿಯುತ್ತಾನೆ.

ಪಕ್ಕದ ಹಳ್ಳಿಗಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು, ಹೆಸರು ಅರಿವು ಕೇಂದ್ರ ಅಂತಾಯಿತು. ಸರಕಾರದ ಹೆಸರು ಬದಲಾವಣೆಗಳ ಮೇಲೆ ನನಗೆ ಅಂಥ ನಂಬಿಕೆ ಇಲ್ಲ. ಆದರೂ ನಾನು ನೋಡಿದ ಒಂದೆರಡು ಕಡೆ ಮಕ್ಕಳು ಚಾಪೆ ಹಾಕಿಕೊಂಡು ಓದುತ್ತಿದ್ದರು, ಸುಳ್ಳು ಹೇಳಬಾರದು. ಪೇಟೆಯವರಾದ ನಾವು ಹಳ್ಳಿಯಾಗುವಷ್ಟು ಮುಂದುವರಿದಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ ನೋಡಿ. ಕೆಲಸ ಮುಗಿಸಿದ ಯುದ್ಧನೌಕೆಯನ್ನು ಮರಳಿನ ಮೇಲೆ ಕೂರಿಸಿ ಮ್ಯೂಸಿಯಂ ಮಾಡಿದ್ದಾರೆ. ಅದರ ಹತ್ತಿರವೇ ನೌಕಾಪಡೆಯ ದೈತ್ಯ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಕಡಲತೀರಕ್ಕೆ ಕವಿಯ ಹೆಸರು ಇಟ್ಟಾಗಿದೆ, ಅವರು ತಾರುಣ್ಯದಲ್ಲಿ ಇಲ್ಲಿಗೆ ಬಂದು ನಾಟಕ ಬರೆದದ್ದಕ್ಕೆ. ಅಂದರೆ ನಮ್ಮಲ್ಲಿ ಕೆಲಸ ನಿಲ್ಲಿಸಿದ ಯಾವುದಕ್ಕೂ ಗೌರವ ಕಡಿಮೆ ಇಲ್ಲ. ನಮ್ಮ ಲೈಬ್ರರಿಯನ್ನೂ ಹಾಗೇ ಎತ್ತಿಕೊಂಡು ಹೋಗಿ ವಿಮಾನದ ಪಕ್ಕ ಇಡಿ. ಸೋರುವ ಮಾಡು, ತಾಡಪತ್ರಿ ಸಮೇತ. ಒಳಗೆ ಮೇಣದ ಮಾಸ್ತರನ್ನು ಮಲಗಿಸಿ, ಮುಖದ ಮೇಲೆ ಪೇಪರ್. ಟಿಕೆಟ್ ಇಡಿ. ‘ಪುಸ್ತಕ ಮುಟ್ಟಬಾರದು’ ಅಂತ ಬೋರ್ಡು ಹಾಕಿ, ಆಗ ಜನ ಮುಟ್ಟಿಯೇ ಮುಟ್ಟುತ್ತಾರೆ. ಹೊರಗೆ ಒಂದು ಸೆಲ್ಫಿ ಪಾಯಿಂಟ್. ಗೈಡ್ ಪ್ರವಾಸಿಗರಿಗೆ ವಿವರಿಸಲಿ: ‘ಇಲ್ಲಿ ಜನ ದುಡ್ಡು ಕೊಡದೆ ಕೂತು ಓದ್ತಾ ಇದ್ರು, ಯಾರೂ ಎಬ್ಬಿಸ್ತಾ ಇರ್ಲಿಲ್ಲ.’ ಬೆಂಗಳೂರಿನವರು ನಂಬುವುದಿಲ್ಲ, ಅದು ಬೇರೆ.

ತೆರಿಗೆ ಕಟ್ಟುವ ಕಿಟಕಿಯಲ್ಲೂ ನಾನು ಸುಮ್ನೆ ಬರಲಿಲ್ಲ. 1965ರ ಕಾಯ್ದೆಯ ಪ್ರಕಾರ ಈ ಕರವನ್ನು ನಮ್ಮಿಂದ ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ದಾಟುವ ದಾರಿ ದೊಡ್ಡದು, ದುಡ್ಡಿಗೆ ನಡುವೆ ಸುಸ್ತಾಗುತ್ತದೋ ಏನೋ. ‘ಲೈಬ್ರರಿ ಮುಚ್ಚಿದ್ದೀರಿ, ಈ 120 ರೂಪಾಯಿ ಬಿಡಿ’ ಅಂದೆ. ಕಿಟಕಿಯೊಳಗಿನ ಹುಡುಗ ಬಹಳ ಮರ್ಯಾದಸ್ಥ. ‘ಅದು ತೆಗೀಲಿಕ್ಕೆ ಬರೂದಿಲ್ರಾ, ಸಾಫ್ಟ್‌ವೇರ್‌ನಲ್ಲೇ ಉಂಟು’ ಅಂದ. ಲೈಬ್ರರಿಯನ್ನೂ ಅದೇ ಸಾಫ್ಟ್‌ವೇರ್‌ನಲ್ಲಿ ಇಟ್ಟಿದ್ದರೆ ಉಳಿಯುತ್ತಿತ್ತು, ಅಲ್ವಾ?

ರಸೀದಿಯನ್ನು ಮನೆಗೆ ತಂದು ಪುಸ್ತಕದೊಳಗೆ ಗುರುತಿಗೆ ಇಟ್ಟೆ. ಅದು ಲೈಬ್ರರಿಯದೇ ಪುಸ್ತಕ. ಬೀಗ ಬೀಳುವ ವಾರ ತಂದದ್ದು, ಹದಿನೈದು ದಿನದೊಳಗೆ ಕೊಡಬೇಕಿತ್ತು. ತಡವಾದರೆ ದಿನಕ್ಕಿಷ್ಟು ದಂಡ ಅಂತ ಮೊದಲ ಪುಟದಲ್ಲಿ ಸೀಲು ಹೊಡೆದಿದ್ದಾರೆ. ಹೆದರಿ ಅಕ್ಕೋರಿಗೆ ಫೋನ್ ಮಾಡಿದೆ.

‘ಅಕ್ಕೋರೆ, ನನ್ನ ದಂಡ ಎಷ್ಟಾಗ್ತದೆ?’

‘ನಿಮ್ಮ ಹತ್ರವೇ ಇರ್ಲಿ ಮಾರಾಯ್ರೆ’ ಅಂದರು. ‘ಒಳಗೆ ಇಟ್ರೆ ಗೆದ್ದಲು ಹತ್ತೂದೇ ಸೈ. ಬಾಗಿಲು ತೆಗ್ದ ದಿನ ಲೆಕ್ಕ ಹಾಕ್ವ.’