ಟೀಚರಿಗೆ ಶಾಲು ಬೇಡ, ಪಗಾರ ಕೊಡಿ

ನಿನ್ನೆ ಇಲ್ಲಿ ಮುಂಬಯಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರಿಗೆ ಬೀಳ್ಕೊಡುಗೆ. ಯಾವ ಶಾಲೆ ಅಂತ ಕೇಳಬೇಡಿ, ಹೇಳಿದರೆ ಬೆಳಗಾಗುವುದರೊಳಗೆ ನನಗೆ ಫೋನ್ ಬರುತ್ತದೆ. ನಿವೃತ್ತಿಯ ವಯಸ್ಸೇನಲ್ಲ ಮಾರಾಯ್ರೆ, ಮೂವತ್ತು ದಾಟಿದ್ದಾಳೆ ಅಷ್ಟೇ. ಇಂಗ್ಲಿಷ್ ಶಾಲೆಗೆ ಹೊರಟಿದ್ದಾಳೆ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಆಯಿತು. "ಮರಾಠಿ ಮಣ್ಣಿನಲ್ಲಿ ಕನ್ನಡ ಉಳಿದದ್ದೇ ಇಂಥವರಿಂದ" ಅಂದರು ಅಧ್ಯಕ್ಷರು. ಮತ್ತೆ ಇವಳನ್ನು ಉಳಿಸಿಕೊಳ್ಳಲಿಕ್ಕೆ ನಿಮಗೇನು ಧಾಡಿಯಾಗಿತ್ತು?

ಕೈತೊಳೆಯುವಲ್ಲಿ ಸಿಕ್ಕಿದಾಗ ಮೆಲ್ಲ ಕೇಳಿದೆ. "ಪಾಠ ಮಾಡಲಿಕ್ಕೆ ಬೇಜಾರಿಲ್ಲ ಅಣ್ಣಾ," ಅಂದಳು. "ಮೂರನೆಯವರು, ನಾಲ್ಕನೆಯವರು ಒಂದೇ ಕೋಣೆಯಲ್ಲಿ. ಇವರಿಗೆ ಗುಣಾಕಾರ ಕೊಟ್ಟು ಅವರಿಗೆ ಓದಿಸಬೇಕು. ಪ್ರಶ್ನೆಪತ್ರಿಕೆ ಮನೆಯಲ್ಲಿ ಕೂತು ನಾನೇ ಟೈಪ್ ಮಾಡಬೇಕು. ಪಗಾರ ಮಾತ್ರ ಮುಂದಿನ ತಿಂಗಳ ಇಪ್ಪತ್ತಕ್ಕೆ."

ಕೆನಡಾದಲ್ಲಿ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನವರು ಪಟ್ಟು ಹಿಡಿದು 1965ರಲ್ಲಿ ತಮ್ಮ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಶುರುಮಾಡಿಸಿದರು. ಮನೆಮಾತಲ್ಲದ ಭಾಷೆಯಲ್ಲಿ ಕಲಿಸುವ ಅದಕ್ಕೆ ಇಮ್ಮರ್ಶನ್ ಅಂತ ದೊಡ್ಡ ಹೆಸರು. ಅಂಥ ಶ್ರೀಮಂತ ದೇಶದಲ್ಲೇ ಈಗ ಫ್ರೆಂಚ್ ಟೀಚರುಗಳು ಸಾಲುತ್ತಿಲ್ಲ. ನಮ್ಮ ಶಾಲೆಗಳಲ್ಲಿ ಹೆಸರಿಲ್ಲದೆ ನಡೆಯುತ್ತಿರುವುದೂ ಅದೇ ಅಲ್ಲವೇ? ಮನೆಯಲ್ಲಿ ತುಳು, ಗಲ್ಲಿಯಲ್ಲಿ ಹಿಂದಿ, ಪಾಠ ಕನ್ನಡದಲ್ಲಿ. ಯಾದಗಿರಿ ಕಡೆಯ ಕಟ್ಟಡ ಕೆಲಸದವರ ಮಕ್ಕಳಿಗೆ ಮನೆಯಲ್ಲಿ ಕನ್ನಡ ಉಂಟು, ಆದರೆ ಅದನ್ನು ಓದುವುದು ಬರೆಯುವುದು ಕಲಿಯುವುದು ಇಲ್ಲೇ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಪುಣೆಯ ಬಾಲಭಾರತಿ, ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತದೆ, ಪುಣ್ಯ. ಚಾರ್ಟು, ವರ್ಕ್‌ಶೀಟು, ಮರಾಠಿ ಸುತ್ತೋಲೆಯನ್ನು ಪಾಲಕರಿಗೆ ಬಿಡಿಸಿ ಹೇಳುವುದು, ಎಲ್ಲ ಟೀಚರ ತಲೆಗೆ. ಇಂಗ್ಲಿಷ್ ಶಾಲೆಯವರಿಗೆ ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ.

"ಮಕ್ಕಳೇ ಇಲ್ಲ, ಟೀಚರ್ ಯಾಕೆ?" ಅಂತ ಯಾರಾದರೂ ಬಂದೇ ಬರುತ್ತಾರೆ. ಸ್ವಾಮೀ, ಮೊದಲು ಹೋಗುವುದು ಯಾರು ನೋಡಿ. ಜೂನ್‌ನಲ್ಲಿ ಬಂದ ಟೀಚರ್ ದೀಪಾವಳಿಗೆ ಇರುವುದಿಲ್ಲ. ಬದಲಿಗೆ ಬಂದವಳಿಗೆ ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವಾರ್ಷಿಕ ಪರೀಕ್ಷೆ. ತಾಯಿ ಒಬ್ಬಳು ಮಗುವನ್ನು ಶಾಲೆ ಬಿಡಿಸುವ ದಾಖಲೆ ಕೇಳುತ್ತಾಳೆ, ಅವಳ ಹಿಂದೆ ಇನ್ನಿಬ್ಬರು. ಅನುದಾನಿತ ಶಾಲೆಯಾದರೆ ಸಂಚಮಾನ್ಯತೆಯಲ್ಲಿ, ಅಂದರೆ ಸರಕಾರ ಹುದ್ದೆ ಮಂಜೂರು ಮಾಡುವಾಗ, ಮಕ್ಕಳ ತಲೆ ಎಣಿಸಿ, ಕಡಿಮೆ ಬಿದ್ದರೆ ಹುದ್ದೆಯೇ ಹೋಗುತ್ತದೆ. ಇದ್ದ ಒಬ್ಬಳು ಹೆಚ್ಚುವರಿ ಅನಿಸಿಕೊಂಡು ಬೇರೆ ಶಾಲೆಗೆ.

ಸರಕಾರದ್ದೂ ಬೇಕಾದಷ್ಟಿದೆ. ಹೊಸದಾಗಿ ಸೇರುವ ಟೀಚರಿಗೆ ಇಲ್ಲಿ ಶಿಕ್ಷಣ ಸೇವಕ ಅಂತ ಹೆಸರು, ಅವರಿಗೆ ಮೊದಲ ಮೂರು ವರ್ಷ ಬರೀ ಮಾನಧನ. ಪ್ರಾಥಮಿಕದಲ್ಲಿ ಅದು 6,000 ರೂಪಾಯಿ ಇದ್ದದ್ದು 16,000 ಆಗಲಿಕ್ಕೆ 2023 ಬರಬೇಕಾಯಿತು. ಆದರೆ ಅನುದಾನವಿಲ್ಲದ ಕಡೆ ಪಗಾರ ಕೊಡುವುದು ನಾವೇ, ಶಾಲೆ ನಡೆಸುವ ನಮ್ಮ ಕನ್ನಡ ಸಂಘಗಳೇ. ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ಬರುವ ಅತಿಥಿಗೆ ವಿಮಾನದ ಟಿಕೆಟು, ಹೋಟೆಲು, ಮೈಸೂರು ಪೇಟ. ಅದಕ್ಕೆ ದಾನಿಗಳು ಕ್ಯೂ ನಿಲ್ಲುತ್ತಾರೆ, ಫ್ಲೆಕ್ಸಿನಲ್ಲಿ ಫೋಟೋ ಬರುತ್ತದಲ್ಲ! ಟೀಚರ ಪಗಾರಕ್ಕೆ ಫೋಟೋ ಇಲ್ಲ.

ಟೀಚರಿಗೆ ಮಾತ್ರ "ಕನ್ನಡದ ಸೇವೆ ಅಂದುಕೊಳ್ಳಮ್ಮಾ" ಅಂತ ಬುದ್ಧಿವಾದ. ಡೊಂಬಿವಲಿಯ ಮನೆ ಮಾಲಿಕ ಬಾಡಿಗೆಗೆ ಬದಲು ಸೇವೆ ತೆಗೆದುಕೊಳ್ಳುತ್ತಾನೆಯೇ?

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹಳಬರಿಗೆ ಗೊತ್ತು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದವ ನಾನು. ನಿದ್ದೆ ತೂಗುವ ನಮಗೆ ವ್ಯಾಕರಣ ಹೇಳಿದ ಮಾಸ್ಟ್ರು ವರ್ಷ ವರ್ಷವೂ ಅವರೇ ಇದ್ದರು. ಪುನಃ ಫೇಲಾಗಿ ಬಂದರೂ "ಬಂದೆಯಾ, ಕೂತ್ಕೋ" ಅನ್ನಲಿಕ್ಕೆ ಗುರುತಿನವರೊಬ್ಬರು ಇದ್ದರು. ಇಲ್ಲದಿದ್ದರೆ ಇವತ್ತೂ ಟೇಬಲ್ಲೇ ಒರೆಸುತ್ತಿದ್ದೆ.

ಸಂಘದ ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎದ್ದು ಕೇಳುವವನಿದ್ದೇನೆ: ಅತಿಥಿಗೆ ಎಷ್ಟು, ಟೀಚರಿಗೆ ಎಷ್ಟು, ಯಾವ ತಾರೀಕಿಗೆ? ಮೈಕ್ ಕಸಿದುಕೊಂಡರೆ ಉತ್ತರ ಇಲ್ಲೇ ಕಮೆಂಟಿನಲ್ಲಿ ಕೊಡಿ.